ಬರೇ ಮಿರ್ಚಿ ಕೊಡ್ರಿ

ಇವತ್ತು ಬೆಳಿಗ್ಗೆ ಕೌಲ್ ಬಜಾರ್ ಕಡೆ ಒಂದು ಬಂಡಿ ಮುಂದೆ ನಿಂತು "ಎರಡು ಮಿರ್ಚಿ ಕೊಡ್ರಿ" ಅಂದೆ. ಬಂಡಿಯವನು ಅಭ್ಯಾಸಬಲದಿಂದ ಪ್ಲೇಟಿಗೆ ಮೊದಲು ಮಂಡಾಳು ಒಗ್ಗರಣೆ, ಅಂದರೆ ಒಗ್ಗರಣೆ ಕೊಟ್ಟ ಮಂಡಕ್ಕಿ, ಹಾಕಲು ಹೋದ. "ಒಗ್ಗರಣಿ ಬ್ಯಾಡ್ರಿ, ಬರೇ ಮಿರ್ಚಿ" ಅಂದೆ. ಸೌಟು ಅರ್ಧ ದಾರಿಯಲ್ಲೇ ನಿಂತಿತು. ನನ್ನನ್ನು ಚಪ್ಪಲಿಯಿಂದ ತಲೆಯವರೆಗೆ ಒಮ್ಮೆ ನೋಡಿ, ದನಿ ಇಳಿಸಿ, "ರೊಕ್ಕದ ಚಿಂತಿ ಮಾಡಬ್ಯಾಡ್ರಿ ಸರ, ನಾಳಿಗೆ ಕೊಡ್ರಿ" ಅಂದವನೇ ಬೇರೆಯವರಿಗಿಂತ ಒಂದು ಸೌಟು ಹೆಚ್ಚೇ ಸುರಿದುಬಿಟ್ಟ.

ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವನು ಮಂಡಾಳು ಒಗ್ಗರಣೆ ನನಗೆ ಸೇರಲ್ಲ ಅಂದರೆ ಜನ ಅದನ್ನು ಅಭಿಪ್ರಾಯ ಅಂತ ಒಪ್ಪುವುದೇ ಇಲ್ಲ. ಒಂದೋ ಕೈ ಖಾಲಿ ಆಗಿರಬೇಕು, ಇಲ್ಲವೇ ಹೊಟ್ಟೆ ಕೆಟ್ಟಿರಬೇಕು. ಆಫೀಸಿನಲ್ಲಿ ಹೇಳಿದಾಗ ಒಬ್ಬರು "ಶುಗರ್ ಚೆಕ್ ಮಾಡಿಸಿದ್ರೇನು?" ಅಂದರು. ಇನ್ನೊಬ್ಬರು "ನಿಮ್ಮ ಮೂಲ ಊರು ಯಾವುದು?" ಅಂದರು. ಮೂರು ತಲೆಮಾರಿನಿಂದ ನಾವು ಬ್ರೂಸ್‌ಪೇಟೆ ಬಿಟ್ಟು ಕದಲಿಲ್ಲ ಸ್ವಾಮಿ!

ನನ್ನ ತಕರಾರು ಸಣ್ಣದು. ಭತ್ತ ನೆನೆಹಾಕಿ, ಹುರಿದು, ಹೊಟ್ಟು ತೆಗೆದು, ಅಕ್ಕಿಗೆ ಉಪ್ಪುನೀರು ಹಿಡಿಸಿ ಒಣಗಿಸಿ, ಕೊನೆಗೆ ಕಾದ ಮರಳಿಗೆ ಸುರಿಯುತ್ತಾರೆ. ಕಣ್ಣು ಮಿಟುಕಿಸುವುದರಲ್ಲಿ ಪಟಪಟ ಅರಳುತ್ತದೆ. ನಲವತ್ತು ಡಿಗ್ರಿ ದಾಟಿದ ನಮ್ಮೂರ ಬಿಸಿಲಲ್ಲಿ ಆ ಭಟ್ಟಿಯವರು ಬೆಂಕಿ ಮುಂದೆ ನಿಂತು ಬೆವರು ಸುರಿಸುವುದು ಯಾತಕ್ಕೆ? ಮಂಡಾಳು ಗರಿಗರಿ ಆಗಲಿ ಅಂತ. ಅದನ್ನು ಮನೆಗೆ ತಂದ ಮೇಲೆ ನಾವು ಮಾಡುವ ಮೊದಲ ಕೆಲಸ ಏನು? ನೀರಲ್ಲಿ ಮುಳುಗಿಸುವುದು. ಮುಳುಗಿಸಿ, ಒಗೆದ ಬನಿಯನ್ನಿನ ಹಾಗೆ ಎರಡೂ ಕೈಯಲ್ಲಿ ಹಿಂಡಿ, ಆಮೇಲೆ ಒಗ್ಗರಣೆಗೆ ಹಾಕುವುದು. ಇದನ್ನು ಕೇಳಿದರೆ ನಾನು ಊರ ದ್ರೋಹಿ.

ಮಿರ್ಚಿ ಮೇಲೆ ನನಗೆ ಒಂದು ಸಣ್ಣ ದೂರೂ ಇಲ್ಲ. ಉದ್ದನೆಯ ಮೆಣಸಿನಕಾಯಿ ಸೀಳಿ, ಒಳಗೆ ಉಪ್ಪು-ಅಜವಾನ ಸವರಿ, ಕಡ್ಲಿಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಾಗ ಬರುವ ವಾಸನೆಗೆ ನಾನು ರಾಯಲ್ ಸರ್ಕಲ್ಲಿನ ಟ್ರಾಫಿಕ್ ಕೂಡ ದಾಟಿಕೊಂಡು ಹೋಗುತ್ತೇನೆ. ಆದರೆ ಈ ಊರಲ್ಲಿ ಅವೆರಡು ಗಂಡ-ಹೆಂಡತಿ. ಒಬ್ಬರನ್ನೇ ಊಟಕ್ಕೆ ಕರೆಯುವ ಹಾಗಿಲ್ಲ.

ಸೇರಲ್ಲ ಅಂದವನನ್ನು ಬೈದು ಬಿಟ್ಟುಬಿಟ್ಟರೆ ಎಷ್ಟೋ ಚೆನ್ನಾಗಿತ್ತು. ಬೈಯುವುದಿಲ್ಲ, ತಿನ್ನಿಸುತ್ತಾರೆ. "ನೀವು ನಮ್ಮನಿ ಒಗ್ಗರಣಿ ತಿಂದಿಲ್ಲ, ಅದಕ್ಕ ಹಂಗಂತೀರಿ" ಎನ್ನುವ ಒಂದೇ ವಾದ ಊರ ತುಂಬ ಓಡಾಡುತ್ತಿದೆ. ಹೀಗಾಗಿ ಒಗ್ಗರಣೆ ಸೇರದ ನಾನು, ಅದನ್ನು ಇಷ್ಟಪಡುವವರಿಗಿಂತ ಹೆಚ್ಚು ಒಗ್ಗರಣೆ ತಿಂದಿದ್ದೇನೆ.

ಈ ಮತಾಂತರ ಚಳವಳಿಯ ಮುಖಂಡ ನಮ್ಮ ಸೋದರಮಾವ. ರಿಟೈರ್ ಆದಮೇಲೆ ಅವನಿಗೆ ಬೇರೆ ಕೆಲಸವಿಲ್ಲ. ಭಾನುವಾರ ಬೆಳಗಾದರೆ ಮನೆ ಮುಂದೆ ಹಾರ್ನ್. "ಅಳಿಯಾ, ಗಾಡಿ ಹತ್ತು. ಒಂದು ಹೊಸಾ ಜಾಗ ಸಿಕ್ಕೈತಿ." ಹೋಗಿ ನಿಂತರೆ ತಾನು ತಿನ್ನುವುದಿಲ್ಲ. ಪ್ಲೇಟು ನನ್ನ ಕೈಗೆ ಕೊಟ್ಟು, ಗಾಡಿಯ ಟ್ಯಾಂಕಿನ ಮೇಲೆ ಮೊಣಕೈ ಊರಿ, ನನ್ನ ಬಾಯಿಯನ್ನೇ ನೋಡುತ್ತಾನೆ. ದವಡೆ ಆಡಿದ ಹಾಗೆಲ್ಲ ಅವನ ಹುಬ್ಬು ಆಡುತ್ತದೆ. ಗಂಟಲಲ್ಲಿ ತುತ್ತು ಇಳಿದದ್ದು ಖಾತ್ರಿಯಾದ ಮೇಲೆ "ಈಗ ಹೇಳು" ಅನ್ನುತ್ತಾನೆ.

"ಚಲೋ ಐತಿ ಮಾವ, ಆದರ…"

"ಆದರ ಅನ್ನಬ್ಯಾಡ!" ಅಂತ ಪ್ಲೇಟು ಕಿತ್ತುಕೊಂಡು ತಾನೊಂದು ತುತ್ತು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ತೀರ್ಪು ಕೊಡುತ್ತಾನೆ: "ನಿನ್ನ ತಪ್ಪಲ್ಲ ಬಿಡು. ಪುಟಾಣಿ ಹಿಟ್ಟು ಕಮ್ಮಿ ಹಾಕ್ಯಾನ. ನಡಿ, ಇನ್ನೊಂದು ಕಡಿ ಐತಿ." ನಾನು ಸೋಲಿಸಿದ ಪ್ರತಿ ಬಂಡಿಯೂ ಮುಂದಿನ ಬಂಡಿಗೆ ದಾರಿ ತೋರಿಸುತ್ತದೆ. ಸಿರುಗುಪ್ಪಕ್ಕೆ ಹೋಗಿ ಬಂದೆವು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಸೇರಿ ನಮ್ಮ ಕೈಬಿಟ್ಟಿತು, ಮಾವನ ಕೈ ಬಿಡಲಿಲ್ಲ, ಅಲ್ಲಿಗೂ ಹೋದೆವು. ಗುಂತಕಲ್ಲಿನಲ್ಲಿ ಒಂದು ಮದುವೆಗೆ ಹೋದಾಗ ಛತ್ರಕ್ಕಿಂತ ಮೊದಲು ಬಂಡಿ ಹುಡುಕಿದ. ಅಲ್ಲಿ ಅದೇ ಮಂಡಾಳು ಉಗ್ಗಾನಿ ಅಂತ, ಮಿರ್ಚಿ ಬಜ್ಜಿ ಅಂತ ಕೊಟ್ಟರು. "ನೋಡು, ಗಡಿ ಆಚೀಗಿನವರೂ ತಿಂತಾರ. ನಿನಗೇನಾಗೈತಿ?"

ನನಗೇನಾಗಿದೆ ಅನ್ನುವುದಕ್ಕೂ ಅವನ ಹತ್ತಿರ ಉತ್ತರವಿದೆ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮದ್ರಾಸು ರಾಜ್ಯ ಬಿಟ್ಟು ಮೈಸೂರಿಗೆ ಸೇರಿತಲ್ಲ, ಅದು ಸರಿಯೇ. ಆದರೆ ನಾನು ಓದಲಿಕ್ಕೆ ಅಂತ ಮೈಸೂರಿಗೇ ಹೋಗಿ ಕೂತದ್ದು ಅತಿಯಾಯಿತು. "ಅಲ್ಲೇ ಕೆಟ್ಟಿ ನೀನು. ಇಡ್ಲಿ ತಿಂದು ತಿಂದು ನಾಲಿಗಿ ಮೆತ್ತಗಾಗೈತಿ." ನಾಲಿಗೆ ಮೆತ್ತಗಾಗಿದ್ದರೆ ಮೆತ್ತನೆ ಮಂಡಾಳು ಸೇರಬೇಕಿತ್ತಲ್ಲ ಅಂತ ಕೇಳಿದೆ. ಆ ವಾರ ಪೂರ್ತಿ ಮಾತು ಬಿಟ್ಟಿದ್ದ.

ವಿಚಿತ್ರ ಅಂದರೆ ಒಣ ಮಂಡಾಳಿನ ರುಚಿ ಹಚ್ಚಿದ್ದೇ ಈ ಮಾವನ ಮನೆ. ಬೇಸಿಗೆ ರಜೆಯಲ್ಲಿ, ಬಿಸಿಲು ಇಳಿದ ಮೇಲೆ ಅಜ್ಜಿ ಮಾಳಿಗೆ ಮೇಲೆ ದೊಡ್ಡ ಪರಾತ ಇಟ್ಟುಕೊಂಡು ಕೂಡುತ್ತಿದ್ದಳು. ಮಂಡಾಳು, ಹಸಿ ಎಣ್ಣೆ, ಶೇಂಗಾ ಚಟ್ನಿಪುಡಿ, ಹೆಚ್ಚಿದ ಉಳ್ಳಾಗಡ್ಡಿ. ಕಲಸುವಾಗ ಬಳೆ ಪರಾತಕ್ಕೆ ತಾಗಿ ಸದ್ದಾಗುತ್ತಿತ್ತು, ಆ ಸದ್ದಿಗೆ ಓಣಿಯಲ್ಲಿ ಆಡುತ್ತಿದ್ದ ನಾವೆಲ್ಲ ಮೆಟ್ಟಿಲು ಹತ್ತುತ್ತಿದ್ದೆವು. ಎಲ್ಲರಿಗಿಂತ ಮೊದಲು ಮುಷ್ಟಿ ತುಂಬಿಕೊಳ್ಳುತ್ತಿದ್ದವನು ಮಾವ. ಇದನ್ನು ನೆನಪಿಸಿದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾನೆ. ಆಮೇಲೆ "ಅದು ಬ್ಯಾರೆ ಬಿಡು, ಅವ್ವ ಕಲಸಿದ್ದು" ಅಂದು ಗಾಡಿ ಸ್ಟಾರ್ಟ್ ಮಾಡುತ್ತಾನೆ.

ಮೊನ್ನೆ ಭಾನುವಾರ ಅವನ ಮೊಮ್ಮಗಳ ತೊಟ್ಟಿಲು ಕಾರ್ಯಕ್ರಮ. ನಾಷ್ಟಾಕ್ಕೆ ಬೇರೇನು ಇರುತ್ತದೆ? ಹೆಸರಿಡಲಿಕ್ಕೆ ಅಂತ ತರಿಸಿದ ಮೈಕು ಮಾವನ ಕೈಗೆ ಸಿಕ್ಕಿತು. "ಒಗ್ಗರಣಿ ಯಾರ್ಯಾರಿಗೆ ಸೇರತೈತಿ, ಕೈ ಎತ್ರಿ!" ಇಡೀ ಪೆಂಡಾಲ್ ಕೈ ಎತ್ತಿತು. ನನ್ನ ಹೆಂಡತಿ ಸಿಂಧನೂರಿನವಳು, ಅವಳ ಕೈ ಎಲ್ಲರಿಗಿಂತ ಮೇಲೆ. ಮಗ ಎರಡೂ ಕೈ ಎತ್ತಿದ್ದ. ಹಿಂದಿನ ದಿನವಷ್ಟೇ ನನ್ನ ಕಿವಿಯಲ್ಲಿ "ನನಗೂ ಅಷ್ಟಕ್ಕಷ್ಟ ನೋಡ್ರಿ" ಅಂದಿದ್ದ ಷಡ್ಡಕ, ನನ್ನ ಕಡೆ ನೋಡದೆ ಕೈ ಎತ್ತಿದ. ತೊಟ್ಟಿಲಲ್ಲಿ ಕೂಸಿನ ಮುಷ್ಟಿಯೂ ಮೇಲೆ ಬಂತು, ಮಾವ ಅದನ್ನೂ ಎಣಿಸಿದ.

"ಸೇರದವರು?"

ನಾನೊಬ್ಬನೇ. ಮುಂದಿನ ಸಾಲಿನ ಮುದುಕಿ ಹಿಂದಿರುಗಿ ನೋಡಿ, "ಯಾರ ಮನಿ ಹುಡುಗಪಾ ಇದು?" ಅಂತ ಲೊಚಗುಟ್ಟಿದಳು.

ಅಷ್ಟರಲ್ಲಿ ರಾಯಚೂರಿನಿಂದ ಬಂದ ಬೀಗರೊಬ್ಬರು, "ಅವರದ್ದೇನು ತಪ್ಪರಿ? ಟಮಾಟಿ ಹಾಕಿ ಕೆಡಿಸಿದ್ರ ಯಾರಿಗೆ ಸೇರತೈತಿ?" ಅಂದುಬಿಟ್ಟರು. ಮುಗಿಯಿತು. ಟಮಾಟಿ ಇಲ್ಲದ್ದು ಒಗ್ಗರಣೆಯೇ ಅಲ್ಲ ಅಂತ ಮಾವ. ಹುಳಿಗೆ ಲಿಂಬಿಹಣ್ಣು ಸಾಕು ಅಂತ ಅವರು. ಪುಟಾಣಿ ಹಿಟ್ಟು ಕಲಸಬೇಕೋ ಮೇಲೆ ಉದುರಿಸಬೇಕೋ ಅಂತ ಹೆಂಗಸರ ಕಡೆಯಿಂದ ಇನ್ನೊಂದು ಜಗಳ ಎದ್ದಿತು. ಯಾರೋ ಮೈಕು ಕಸಿದುಕೊಂಡು "ಟಮಾಟಿ ಬೇಕನ್ನೋರು ಕೈ ಎತ್ರಿ" ಅಂದರು.

ಮಾವ ಕೈ ಎತ್ತಿದ. ಅಡುಗೆಭಟ್ಟ ಒಬ್ಬ ಎತ್ತಿದ, ಹಾಕಿದವನು ಅವನೇ ಆದ್ದರಿಂದ. ಅತ್ತೆ ಕೂಡ ಸೆರಗು ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡಿದಳು. ಮಾವ ಪೆಂಡಾಲ್ ಪೂರ್ತಿ ಕಣ್ಣಾಡಿಸಿ ಕೊನೆಗೆ ನನ್ನನ್ನು ನೋಡಿದ, "ನೀನಾರ ಎತ್ತೋ ಅಳಿಯಾ" ಎನ್ನುವ ಹಾಗೆ. ನಾನು ಏನು ಮಾಡಲಿ, ಎರಡೂ ಕೈಯಲ್ಲಿ ಮಿರ್ಚಿ ಇದ್ದವು.