ಹಾಡು ಆಮೇಲೆ, ಮೊದಲು ‘ಡಾ’

ನನ್ನ ಗೆಳೆಯನೊಬ್ಬ ಮೂರು ವರ್ಷದಿಂದ ಸಂಗೀತ ಮಾಡುತ್ತಿದ್ದಾನೆ. ಸದ್ಯಕ್ಕೆ ಸಾಫ್ಟ್‌ವೇರ್ ಆರಿಸುವ ಹಂತದಲ್ಲಿದ್ದಾನೆ.

ಅವಸರದ ಮನುಷ್ಯ ಅಲ್ಲ ಅವನು. ಟ್ಯೂನ್ ಒಂದು ತಲೆಗೆ ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತಾನೆ. ‘ಇರಪ್ಪಾ, ನಿನ್ನನ್ನು ಎಲ್ಲಿ ಕೂರಿಸೋದು ಅಂತ ಇನ್ನೂ ತೀರ್ಮಾನ ಆಗಿಲ್ಲ’ ಅನ್ನುತ್ತಾನೆ. ಆಮೇಲೆ ಎರಡು ಸಾಫ್ಟ್‌ವೇರ್ ಹೋಲಿಸುವ ವಿಡಿಯೋ ಹಾಕಿಕೊಂಡು ಕೂರುತ್ತಾನೆ. ನಲವತ್ತು ನಿಮಿಷದ್ದು. ಅದು ಮುಗಿಯುವ ಹೊತ್ತಿಗೆ ಟ್ಯೂನ್ ಎದ್ದು ಹೋಗಿರುತ್ತದೆ. ಟ್ಯೂನ್‌ಗಳಿಗೆ ತಾಳ್ಮೆ ಕಡಿಮೆ, ಅಲ್ವಾ?

ಇವನೊಬ್ಬನೇ ಆಗಿದ್ದರೆ ನಾನು ಸುಮ್ನಿರುತ್ತಿದ್ದೆ. ಈಗ ಇವನಂಥವರದ್ದೇ ಒಂದು ದೊಡ್ಡ ಪಂಗಡ ಆಗಿದೆ. ಯಾವ ಆವೃತ್ತಿಯಲ್ಲಿ ಯಾವ ಮೆನು ಎಲ್ಲಿಗೆ ಹೋಯಿತು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಮಾಡಿದ ಒಂದು ಹಾಡು ಕೇಳಿಸಿ ಅಂದರೆ ಮಾತ್ರ ಪಾಪ, ಎಲ್ಲರ ಗಂಟಲೂ ಕಟ್ಟುತ್ತದೆ.

ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡಿ, ಕತ್ತರಿಸಿ, ಜೋಡಿಸುವ ಈ ಸಾಫ್ಟ್‌ವೇರಿಗೆ ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್ ಅಂತ ಪೂರ್ತಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಇಂಗ್ಲಿಷಿನ ಮೊದಲಕ್ಷರ ಕೂಡಿಸಿ ‘ಡಾ’ ಅನ್ನುತ್ತಾರೆ. ಕನ್ನಡದಲ್ಲಿ ಬರೆದರೆ ಹೆಸರಿನ ಮುಂದೆ ಹಾಕಿಕೊಳ್ಳುವ ‘ಡಾ.’ ಥರವೇ ಕಾಣುತ್ತದೆ. ಕೆಲಸವೂ ಹೆಚ್ಚುಕಮ್ಮಿ ಅದೇ. ತಾವು ಬಳಸುವ ಡಾ ಹೆಸರು ಹಿಡಿದು ‘ನಾನು ಪ್ರೊ ಟೂಲ್ಸ್’ ಅನ್ನುತ್ತಾರೆ. ‘ನಾನು ಲಾಜಿಕ್’ ಅನ್ನುತ್ತಾರೆ. ಬಡಗಿಯೊಬ್ಬ ‘ನಾನು ಸುತ್ತಿಗೆ’ ಅಂದದ್ದನ್ನು ನಾನಂತೂ ಕೇಳಿಲ್ಲ.

ಪ್ರೊ ಟೂಲ್ಸ್ ಬಂದದ್ದು 1991ರಲ್ಲಿ. ದೊಡ್ಡ ಸ್ಟುಡಿಯೋಗಳು ಅದನ್ನು ಬಿಡದಿರಲು ಕಾರಣ ಇದೆ. ಡ್ರಮ್ಸ್‌ಗೆ ಹತ್ತು ಮೈಕು ಇಟ್ಟು ರೆಕಾರ್ಡ್ ಮಾಡಬೇಕು, ಕತ್ತರಿಸಿ ಜೋಡಿಸಬೇಕು, ಅದೇ ಸೆಷನ್, ಅಂದರೆ ಆ ಕೆಲಸದ ಫೈಲು, ಇನ್ನೊಂದು ಸ್ಟುಡಿಯೋಗೆ ಹೋದರೆ ಅಲ್ಲೂ ತೆರೆಯಬೇಕು. ನನ್ನ ಗೆಳೆಯನ ಹತ್ತಿರ ಇರುವುದು ಒಂದೇ ಮೈಕು. ಸೆಷನ್ ಕಳಿಸೋಣ ಅಂದರೆ ಇನ್ನೊಂದು ಸ್ಟುಡಿಯೋ ಇಲ್ಲ. ಆದರೂ ‘ಇಂಡಸ್ಟ್ರಿ ಸ್ಟ್ಯಾಂಡರ್ಡ್ ಕಣೋ’ ಅಂದ. ಅವನ ಇಂಡಸ್ಟ್ರಿ ಮಂಚದ ಕಾಲಿನಿಂದ ಕಿಟಕಿಯವರೆಗೆ ಹಬ್ಬಿದೆ.

ಆಮೇಲೆ ಲಾಜಿಕ್ ಮೇಲೆ ಮನಸ್ಸಾಯಿತು. ಅದನ್ನು ಮಾಡುತ್ತಿದ್ದ ಇಮ್ಯಾಜಿಕ್ ಕಂಪನಿಯನ್ನೇ ಆಪಲ್ 2002ರಲ್ಲಿ ಕೊಂಡುಕೊಂಡಿತು, ವಿಂಡೋಸ್‌ನವರಿಗೆ ಬಾಗಿಲು ಹಾಕಿತು. ಇವನದ್ದು ವಿಂಡೋಸ್. ಹಾಗಾಗಿ ಸಾಫ್ಟ್‌ವೇರ್‌ಗೋಸ್ಕರ ಕಂಪ್ಯೂಟರನ್ನೇ ಬದಲಾಯಿಸುವ ಯೋಚನೆ ಶುರುವಾಯಿತು. ಗುಂಡಿ ಚೆನ್ನಾಗಿದೆ ಅಂತ ಅಂಗಿ ಹೊಲಿಸುವ ಪೈಕಿ.

ಎಫ್‌ಎಲ್ ಸ್ಟುಡಿಯೋ ಯಾಕಾಗಬಾರದು ಅಂತ ಕೇಳಿದೆ. ಮುಖ ಸಿಂಡರಿಸಿದ. ಅದು 1997ರಲ್ಲಿ ಫ್ರೂಟಿಲೂಪ್ಸ್ ಅಂತ ಹುಟ್ಟಿದಾಗ ಬರೀ ಡ್ರಮ್ ಬಡಿಯುವ ಪುಟ್ಟ ಪೆಟ್ಟಿಗೆ. ಹೆಸರು 2003ರಲ್ಲೇ ಬದಲಾಯಿತು, ಆಗ ಅಂಟಿದ ‘ಆಟಿಕೆ’ ಅನ್ನೋ ಮಾತು ಮಾತ್ರ ಇನ್ನೂ ಬಿಟ್ಟಿಲ್ಲ. ಆಟಿಕೆ ಅನ್ನುವವರೇ ಅದರಲ್ಲಿ ಮಾಡಿದ ಬೀಟ್‌ಗೆ ತಲೆ ಆಡಿಸುತ್ತಾ ಕೂತಿರುತ್ತಾರೆ, ಅದು ಬೇರೆ ಮಾತು. ರೀಸನ್ ಅನ್ನೋ ಇನ್ನೊಂದು ಡಾ ಅವನಿಗೆ ತುಂಬಾ ಹಿಡಿಸಿತ್ತು. ಅದರಲ್ಲಿ ಟ್ಯಾಬ್ ಒತ್ತಿದರೆ ಯಂತ್ರಗಳ ಹಿಂಭಾಗ ಕಾಣುತ್ತದೆ, ವೈರುಗಳು ಜೋತಾಡುತ್ತವೆ. ಒಂದು ಮಧ್ಯಾಹ್ನ ಪೂರ್ತಿ ಟ್ಯಾಬ್ ಒತ್ತಿದ. ಸಂಜೆ, ‘ಇವತ್ತು ಒಳ್ಳೆ ಕೆಲಸ ಆಯ್ತು’ ಅಂದ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಸೌಂಡಿನ ಮಾತು. ಒಂದು ಸಾಫ್ಟ್‌ವೇರಿನ ಸೌಂಡ್ ‘ಬೆಚ್ಚಗೆ’ ಇದೆಯಂತೆ, ಇನ್ನೊಂದರದ್ದು ‘ತಣ್ಣಗೆ’. ಲೆಕ್ಕ ಕೂಡುವ ಯಂತ್ರಕ್ಕೆ ಜ್ವರ ಬರುತ್ತದೆ ಅಂದ ಹಾಗೆ. ಎರಡೂ ಮಾಡುವುದು ಅಂಕಿ ಕೂಡುವ ಕೆಲಸ. ಒಂದು ಕಡೆ ಎರಡಕ್ಕೆ ಎರಡು ಸೇರಿಸಿದರೆ ಬೆಚ್ಚಗಿನ ನಾಲ್ಕು ಬರುವುದಿಲ್ಲ. ಹೇಳಿದರೆ ಕೇಳಬೇಕಲ್ಲ.

ಒಂದು ಸಂಜೆ ಪರೀಕ್ಷೆಗೇ ಕೂತೆವು. ಅದೇ ಎಂಟು ವೇವ್ ಫೈಲು ಎರಡರಲ್ಲೂ ಹಾಕಿದೆವು. ಎಫೆಕ್ಟ್ ಒಂದೂ ಇಲ್ಲ, ಸೌಂಡ್ ಏರಿಸಿ ಇಳಿಸುವ ಫೇಡರ್ ಎಲ್ಲ ಸೊನ್ನೆ ಡೆಸಿಬಲ್‌ಗೆ, ಅಂದರೆ ಏರಿಸಿದ್ದೂ ಇಲ್ಲ, ಇಳಿಸಿದ್ದೂ ಇಲ್ಲ. ನಡುವೆ ಇಟ್ಟ ಮೋನೋ ಟ್ರ್ಯಾಕನ್ನು ಎಷ್ಟು ತಗ್ಗಿಸಬೇಕು ಅನ್ನೋ ನಿಯಮ, ಅಂದರೆ ಪ್ಯಾನ್ ಲಾ, ಒಂದೊಂದರಲ್ಲಿ ಒಂದೊಂದು ಥರ ಇರುತ್ತದೆ. ಅಲ್ಲೇ 3 ಡೆಸಿಬಲ್ ಏರುಪೇರಾಗಬಹುದು. ಜೋರಾಗಿ ಕೇಳಿದ್ದೇ ಕಿವಿಗೆ ಚೆಂದ, ಅರ್ಧ ‘ಬೆಚ್ಚಗೆ’ ಹುಟ್ಟುವುದು ಇಲ್ಲೇ. ಅದನ್ನೂ ಸಮ ಮಾಡಿದೆವು. ಎರಡನ್ನೂ ಎಕ್ಸ್‌ಪೋರ್ಟ್ ಮಾಡಿ, ಒಂದರ ಪೋಲಾರಿಟಿ ತಿರುಗಿಸಿ, ಅಂದರೆ ಅಲೆಯ ಏರನ್ನು ಇಳಿತ ಮಾಡಿ, ಒಂದರ ಮೇಲೊಂದು ಇಟ್ಟು ಪ್ಲೇ ಒತ್ತಿದೆವು. ಒಂದೇ ಆಗಿದ್ದರೆ ಒಂದನ್ನೊಂದು ಅಳಿಸಿಹಾಕಬೇಕು.

ಏನೂ ಕೇಳಲಿಲ್ಲ. ಮೀಟರ್ ಅಲ್ಲಾಡಲಿಲ್ಲ. ವಾಲ್ಯೂಮ್ ಏರಿಸಿದ. ಸ್ಪೀಕರಿಗೆ ಕಿವಿ ಹಚ್ಚಿದ. ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದ. ಹಾಡು ಪೂರ್ತಿ, ಮೂರೂವರೆ ನಿಮಿಷ, ಮೌನ ಕೇಳಿದ. ಕೊನೆಗೆ ಹೆಡ್‌ಫೋನ್ ತೆಗೆದು ನಿಧಾನವಾಗಿ ಹೇಳಿದ: ‘ಈ ಮೌನದಲ್ಲೂ ಏನೋ ಒಂದು ಬೆಚ್ಚಗಿದೆ ನೋಡು.’

ನಗಬೇಡಿ, ನಾನೂ ಇದೇ ಪಂಗಡದವನೇ. ಒಂದು ಸಾಫ್ಟ್‌ವೇರಿನಲ್ಲಿ ಕೀ ಒತ್ತಿದರೆ ಸ್ವರ ತಡವಾಗಿ ಬರುತ್ತಿತ್ತು. ಬೈದೆ, ಕಿತ್ತು ಹಾಕಿದೆ, ಇನ್ನೊಂದು ಹಾಕಿಸಿಕೊಂಡೆ. ಅದರಲ್ಲೂ ತಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳು ಪುಣ್ಯಾತ್ಮಳು, ಬರೀ ಅಂದಳು. ನಾನು ನೆಲವನ್ನೇ ಎರಡು ಸಲ ಕೀಳಿಸಿದೆ. ಆಮೇಲೆ ನೋಡಿದರೆ ಎರಡು ಕಡೆಯೂ ಬಫರ್, ಅಂದರೆ ಸೌಂಡನ್ನು ಹೊರಗೆ ಬಿಡುವ ಮೊದಲು ಕೂಡಿಸಿಟ್ಟುಕೊಳ್ಳುವ ತುಣುಕು, 1024 ಸ್ಯಾಂಪಲ್‌ಗೆ ಇಟ್ಟವನು ನಾನೇ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಅದು ಸುಮಾರು 23 ಮಿಲಿಸೆಕೆಂಡ್. 128ಕ್ಕೆ ಇಳಿಸಿದೆ, 3ರ ಹತ್ತಿರ ಬಂತು, ಸ್ವರ ಬೆರಳಿಗೆ ಅಂಟಿಕೊಂಡಿತು. ಈ ವಿಷಯ ಗೆಳೆಯನಿಗೆ ಇನ್ನೂ ಹೇಳಿಲ್ಲ.

ನಮಗೆ ಗೊತ್ತಿರುವ ಅಕ್ಕ ಒಬ್ಬರಿದ್ದಾರೆ. ಕಂಪ್ಯೂಟರ್ ಅಂದರೆ ಅಷ್ಟಕ್ಕಷ್ಟೆ. ಟ್ಯೂನ್ ಮಾತ್ರ ಬಟ್ಟೆ ಮಡಿಸುವಾಗ, ನಡೆಯುವಾಗ, ಎಲ್ಲೆಂದರಲ್ಲಿ ಬರುತ್ತದೆ, ಫೋನಿಗೆ ಗುನುಗಿ ಇಡುತ್ತಾರೆ. ಒಂದನ್ನು ಸರಿಯಾಗಿ ರೆಕಾರ್ಡ್ ಮಾಡಬೇಕು ಅಂತ ಬಂದರು. ಗೆಳೆಯ ಕುರ್ಚಿ ಎಳೆದುಕೊಂಡ. ಅಬಲ್ಟನ್ ಲೈವ್ ತೆರೆದ. 2001ರಲ್ಲಿ ಬಂದ ಇದರ ಹೆಸರೇ ಹೇಳುವಂತೆ ವೇದಿಕೆ ಮೇಲೆ ನುಡಿಸುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಚೌಕ ಚೌಕದಲ್ಲಿ ತುಣುಕುಗಳನ್ನು ಇಟ್ಟು, ಬೇಕಾದ್ದನ್ನು ಬೇಕಾದಾಗ ಸುತ್ತಿಸಬಹುದು. ಬೀಟ್‌ನಿಂದ ಹಾಡು ಕಟ್ಟುವವರಿಗೆ ಇದಕ್ಕಿಂತ ಸುಖ ಇಲ್ಲ. ಸ್ವರಲಿಪಿ ಬರೆದು ಕಟ್ಟುವವರು ಹುಡುಕಿದರೆ ಆ ಕಿಟಕಿಯೇ ಅದರಲ್ಲಿಲ್ಲ, ಅವರು ಕ್ಯೂಬೇಸ್ ಕಡೆಗೋ ಲಾಜಿಕ್ ಕಡೆಗೋ ಹೋಗಬೇಕು. ಅಕ್ಕ ಈ ಎರಡೂ ಅಲ್ಲ. ಅವರದ್ದು ಬರೀ ಉಸಿರು.

ತೆರೆದ ಕೂಡಲೇ ಪರದೆ ಮೇಲೆ 120 ಅಂತ ಬಂತು, ಪಕ್ಕದಲ್ಲಿ ತಾಳದ ಲೆಕ್ಕ, ನಾಲ್ಕಕ್ಕೆ ನಾಲ್ಕು. ಬಹುತೇಕ ಎಲ್ಲ ಡಾಗಳೂ ಹೀಗೇ, ಬಂದವರು ಯಾರು ಅಂತ ಕೇಳುವ ಮೊದಲೇ ನಿಮಿಷಕ್ಕೆ 120 ಹೆಜ್ಜೆ ಹಾಕಿ ಅನ್ನುತ್ತವೆ. ಗೆಳೆಯ ಕ್ಲಿಕ್, ಅಂದರೆ ತಾಳದ ಟಿಕ್ ಟಿಕ್ ಸದ್ದು, ಹಾಕಿದ. ಅಕ್ಕನ ಟ್ಯೂನಿನ ಮೂರನೇ ಸಾಲಿನ ಕೊನೆಯಲ್ಲಿ ಒಂದು ಸ್ವರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತದೆ, ನಿಂತು ಇಳಿಯುತ್ತದೆ. ಟ್ಯೂನ್ ಇರುವುದೇ ಅಲ್ಲಿ. ಕ್ಲಿಕ್ ಕೇಳುತ್ತಾ ಹಾಡಿದಾಗ ಆ ಸ್ವರ ಬಸ್ಸು ತಪ್ಪೀತು ಅಂತ ಓಡುವವರ ಹಾಗೆ ಇಳಿದುಹೋಯಿತು. ಗೆಳೆಯ ಅಷ್ಟಕ್ಕೂ ಬಿಡದೆ ಉಳಿದ ಸ್ವರಗಳನ್ನೂ ಎಳೆದು ತಾಳದ ಗೆರೆಗೆ ಕೂರಿಸಿದ. ‘ಈಗ ಪರ್ಫೆಕ್ಟ್’ ಅಂದ. ಅಕ್ಕ ಕೇಳಿ, ‘ಇದು ಯಾರು ಹಾಡಿದ್ದು?’ ಅಂದರು.

ಅವನು ಎದ್ದು ಆಚೆ ಹೋದಾಗ ನಾನು ರೀಪರ್ ಅನ್ನೋ ಇನ್ನೊಂದು ಡಾ ತೆರೆದೆ. ಹಾಡು ಕೇಳಿಸುವ ವಿನ್‌ಆಂಪ್ ಸಾಫ್ಟ್‌ವೇರ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರದ್ದೇ ಇದು. 60 ದಿನ ಪುಕ್ಕಟೆ. ಅದು ಮುಗಿದ ಮೇಲೂ ಬಾಗಿಲು ಹಾಕುವುದಿಲ್ಲ, ಎಷ್ಟು ದಿನದಿಂದ ಪರೀಕ್ಷಿಸುತ್ತಿದ್ದೀರಿ ಅಂತ ಲೆಕ್ಕ ಹೇಳಿ ನಾಚಿಕೆ ಆಗುವಷ್ಟು ಹೊತ್ತು ಕಾಯಿಸುತ್ತದೆ. ಇವನ ಯಂತ್ರದಲ್ಲಿ 1,127 ದಿನ ಅಂತ ಬಂತು. ಅಂದರೆ ಮೊದಲ ದಿನವೇ ಹಾಕಿಸಿಕೊಂಡಿದ್ದ. ಕ್ಲಿಕ್ ನಿಲ್ಲಿಸಿದೆ. ಒಂದು ಟ್ರ್ಯಾಕ್. ಅಕ್ಕ ನಾಲ್ಕು ಸಲ ಹಾಡಿದರು. ನಾಲ್ಕರಲ್ಲಿ ಚೆನ್ನಾಗಿದ್ದ ಸಾಲುಗಳನ್ನು ಆರಿಸಿ ಒಂದು ಮಾಡಿದೆ. ಆಮೇಲೆ ಟೆಂಪೋ, ಅಂದರೆ ವೇಗದ, ಗೆರೆಯನ್ನು ಅವರ ದನಿಯ ಹಿಂದೆ ಹಿಂದೆ ಎಳೆದುಕೊಂಡು ಹೋದೆ. ಮೂರನೇ ಸಾಲಿನ ಕೊನೆಯಲ್ಲಿ ಅದು ನಿಮಿಷಕ್ಕೆ 61ಕ್ಕೆ ಇಳಿದು, ಮತ್ತೆ 70ಕ್ಕೆ ಏರಿತು. ಕೀಬೋರ್ಡಿನ ನಾಲ್ಕು ಸ್ವರ ಕೆಳಗಿಟ್ಟೆ. ಒಂದೂವರೆ ಗಂಟೆ ಹಿಡಿಯಿತು, ಅದರಲ್ಲಿ ಅರ್ಧ ಗಂಟೆ ಮೈಕಿನ ವೈರು ಹುಡುಕಿದ್ದು.

ಮೊನ್ನೆ ಅಕ್ಕ ಆ ಹಾಡನ್ನು ಫೋನಿನಲ್ಲಿ ಗೆಳೆಯನಿಗೆ ಕೇಳಿಸಿದರು. ಅವನು ಮಾತಾಡಲಿಲ್ಲ. ಮೂರನೇ ಸಾಲು ಬಂದಾಗ ಅವನ ಕಣ್ಣು ಒದ್ದೆ ಆದದ್ದನ್ನು ನಾನೇ ನೋಡಿದೆ. ಹಾಡು ಮುಗಿಯಿತು. ಕಣ್ಣೊರೆಸಿಕೊಂಡು ಕೇಳಿದ: ‘ಅಕ್ಕಾ, ಇದು ಯಾವ ಡಾ?’

‘ಹೆಸರು ನೆನಪಿಲ್ಲ ಕಣೋ,’ ಅಂದರು ಅಕ್ಕ. ‘ಬೂದು ಬಣ್ಣದ್ದು.’

ರಾತ್ರಿ ಹನ್ನೊಂದೂವರೆಗೆ ನನಗೆ ಅವನ ಮೆಸೇಜ್ ಬಂತು. ‘ಕಡುಬೂದೋ ತಿಳಿಬೂದೋ, ಸ್ವಲ್ಪ ಕೇಳಿ ಹೇಳ್ತೀಯಾ?’