ದಿಮೋನಾಗೆ ದುಡ್ಡು ಎಲ್ಲಿಂದ ಬಂತು?

ಇಸ್ರೇಲ್ ಗುಟ್ಟಾಗಿ ಕಟ್ಟಿದ ದಿಮೋನಾ ಅಣು ರಿಯಾಕ್ಟರ್‌ಗೆ ಫ್ರಾನ್ಸ್ ಮಾಡಿದ ಸಹಾಯದ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ದುಡ್ಡಿನ ವಿಷಯ ಬಿಟ್ಟುಹೋಗಿದೆ. ಅದೇ ಮುಖ್ಯ ಅಲ್ವಾ? ಸುಮಾರು 4 ಕೋಟಿ ಡಾಲರ್, ಅಂದರೆ ರಿಯಾಕ್ಟರ್ ಖರ್ಚಿನ ಅರ್ಧದಷ್ಟನ್ನು ಹೊರದೇಶದ ಶ್ರೀಮಂತ ಬೆಂಬಲಿಗರಿಂದ ಗುಟ್ಟಾಗಿ ಎತ್ತಿದೆವು ಎಂದು ಆಗ ರಕ್ಷಣಾ ಇಲಾಖೆಯಲ್ಲಿದ್ದು ಈ ಯೋಜನೆ ನಡೆಸಿದ, ಮುಂದೆ ಪ್ರಧಾನಿಯಾದ ಶಿಮೋನ್ ಪೆರೆಸ್ ಅವರೇ ಆಮೇಲೆ ಬರೆದುಕೊಂಡಿದ್ದಾರೆ. ಬಜೆಟ್‌ನಲ್ಲಿ ತೋರಿಸಿದ್ದರೆ ಸಂಸತ್ತಿನಲ್ಲಿ ಯಾರಾದರೂ ಪ್ರಶ್ನೆ ಕೇಳುತ್ತಿದ್ದರು. ಹೊರಗಿನವರು ಕೇಳಿದರೆ ಅದು ಬಟ್ಟೆ ಗಿರಣಿ ಎಂಬ ಉತ್ತರ!

ಅಲ್ಲೇ ತಂತ್ರಜ್ಞನಾಗಿದ್ದು, ಒಳಗಿನ ಫೋಟೊ ತೆಗೆದು ಅಣುಬಾಂಬಿನ ಗುಟ್ಟು ಬಯಲು ಮಾಡಿದ ಮೊರ್ದೆಖಾಯ್ ವನುನುಗೆ 18 ವರ್ಷ ಜೈಲು. 1986ರಲ್ಲಿ ಕೋರ್ಟಿಗೆ ಒಯ್ಯುವಾಗ ಆತ ವ್ಯಾನಿನ ಕಿಟಕಿಗೆ ಅಂಗೈ ಒತ್ತಿ ಹಿಡಿದಿದ್ದ. ತನ್ನನ್ನು ರೋಮ್‌ನಲ್ಲಿ ಅಪಹರಿಸಿದರು ಎಂದು ಆ ಅಂಗೈ ಮೇಲೆ ಪೆನ್ನಲ್ಲಿ ಬರೆದಿದ್ದ. ಅಪಹರಿಸಿದ್ದು ಇಸ್ರೇಲ್‌ನ ಗೂಢಚಾರರು. ಆ ಕೈ ನೆನೆದರೆ ಈಗಲೂ ಸಂಕಟವಾಗುತ್ತದೆ. ದುಡ್ಡು ಕೊಟ್ಟವರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ದಯವಿಟ್ಟು ಇದರ ಬಗ್ಗೆಯೂ ಬರೆಯಿರಿ.