ಐದನೇದು ಕೇಳಿದ್ದೀರ, ಆರನೇದೂ ಕೇಳಿ

ಪೋಲೆಂಡಿನ ಜಾಝ್ ಬಗ್ಗೆ ಏನೇ ಓದಕ್ಕೆ ಹೋಗಿ, ಮೊದಲ ಪ್ಯಾರಾದಲ್ಲೇ ಕಮ್ಯುನಿಸ್ಟ್ ಸರ್ಕಾರ, ನಿಷೇಧ, ಸ್ವಾತಂತ್ರ್ಯದ ಕೂಗು ಎಲ್ಲಾ ಬಂದುಬಿಡುತ್ತೆ. ಸುಳ್ಳೇನಲ್ಲ, ಸ್ಟಾಲಿನ್ ಕಾಲದಲ್ಲಿ ಅಲ್ಲಿನ ಹುಡುಗರು ಯಾರ್ಯಾರದೋ ಮನೆಗಳಲ್ಲಿ ಸೇರ್ಕೊಂಡು ಗುಟ್ಟಾಗೇ ನುಡಿಸ್ತಿದ್ರು. ಆದ್ರೆ 1956ರ ಮೇಲೆ ಗಾಳಿ ಬದಲಾಯ್ತು, 1958ರಲ್ಲಿ ವಾರ್ಸಾದಲ್ಲಿ ಜಾಝ್ ಜಂಬೋರಿ ಉತ್ಸವ ಶುರುವಾಯ್ತು, ಆಮೇಲೆ ಸರ್ಕಾರದ್ದೇ ರೆಕಾರ್ಡ್ ಕಂಪನಿ 'ಪೋಲಿಶ್ ಜಾಝ್' ಅಂತ ನಂಬರ್ ಹಾಕಿ ಎಲ್‌ಪಿ ಸರಣೀನೇ ತಂತು. ಝ್ಬಿಗ್ನಿಯೆವ್ ನಮಿಸ್ವೋಫ್‌ಸ್ಕಿ ಥರದ ಸ್ಯಾಕ್ಸೋಫೋನ್ ವಾದಕನ್ನ ಬರೀ ಬಂಡಾಯದ ಲೆಕ್ಕಕ್ಕೆ ಹಾಕ್ಕೊಂಡು ಕೇಳಿದ್ರೆ ಅವನ ಸಂಗೀತಾನೇ ಕಿವಿಗೆ ಬೀಳಲ್ಲ, ಇದು ನನ್ನ ತಕರಾರು.

ಹುಟ್ಟಿದ್ದು 1939ರ ಸೆಪ್ಟೆಂಬರ್ 9, ವಾರ್ಸಾದಲ್ಲಿ. ತಾರೀಖು ನೋಡಿ, ಜರ್ಮನಿ ಪೋಲೆಂಡಿನ ಮೇಲೆ ಬಿದ್ದು ಇನ್ನೂ ಒಂಬತ್ತನೇ ದಿನ! ಚಿಕ್ಕೋನಿದ್ದಾಗ ಪಿಯಾನೋ, ಮ್ಯೂಸಿಕ್ ಸ್ಕೂಲಲ್ಲಿ ಚೆಲ್ಲೋ, ಆಮೇಲೆ ಡಿಕ್ಸಿಲ್ಯಾಂಡ್ ಅನ್ನೋ ಹಳೇ ಶೈಲಿ ಜಾಝಿನ ಬ್ಯಾಂಡುಗಳಲ್ಲಿ ಟ್ರಾಂಬೋನ್, ಇಷ್ಟೆಲ್ಲಾ ಸುತ್ತಾಡ್ಕೊಂಡು ಕೊನೆಗೆ ಆಲ್ಟೊ ಸ್ಯಾಕ್ಸಿಗೆ ಬಂದ. 1962ರಲ್ಲಿ ಪಿಯಾನಿಸ್ಟ್ ತ್ಶಸ್ಕೋಫ್‌ಸ್ಕಿಯ 'ರೆಕರ್ಸ್' ತಂಡದ ಜೊತೆ ಅಮೆರಿಕಾಗೆ, ನ್ಯೂಪೋರ್ಟ್ ಜಾಝ್ ಉತ್ಸವಕ್ಕೆ. 1964ರಲ್ಲಿ ಲಂಡನ್ನಲ್ಲಿ ಡೆಕ್ಕಾ ಕಂಪನಿಗೆ 'ಲೋಲಾ' ರೆಕಾರ್ಡ್ ಮಾಡ್ದ, ಸ್ವಂತ ಕ್ವಾರ್ಟೆಟ್, ಅಂದ್ರೆ ನಾಲ್ವರ ತಂಡ, ಕಟ್ಕೊಂಡು. ಆ ಕಾಲಕ್ಕೆ ವಾರ್ಸಾದ ಹುಡುಗನೊಬ್ಬನಿಗೆ ಅದೇನು ಸಣ್ಣ ಮಾತಾ?

ಆದ್ರೂ ಜನಕ್ಕೆ ಅವನು ಗೊತ್ತಿರೋದು ಬೇರೆಯವರ ಆಲ್ಬಮ್ಮಿಂದ. ಪೋಲೆಂಡಿನ ಪಿಯಾನಿಸ್ಟ್ ಕೊಮೆದಾನ 'ಅಸ್ಟಿಗ್ಮ್ಯಾಟಿಕ್', 1965ರ ಡಿಸೆಂಬರಲ್ಲಿ ವಾರ್ಸಾದಲ್ಲಿ ರೆಕಾರ್ಡ್ ಆಗಿದ್ದು, ಟ್ರಂಪೆಟ್ಟಲ್ಲಿ ತೊಮಾಶ್ ಸ್ಟಾಂಕೊ, ಆಲ್ಟೊದಲ್ಲಿ ಇವನು. ಮೂರೇ ಮೂರು ಟ್ರ್ಯಾಕು, ಮೊದಲನೇದೇ ಇಪ್ಪತ್ತು ನಿಮಿಷ ದಾಟುತ್ತೆ. ಅದರಲ್ಲಿ ಇವನ ಸ್ವರ ಒಣಗಿದ ಮೆಣಸಿನಕಾಯಿ ಥರ, ಎಣ್ಣೆ ಜಿಡ್ಡು ಒಂಚೂರೂ ಇಲ್ಲ, ನೇರ ಖಾರ. ದೊಡ್ಡ ಆಲ್ಬಮ್ಮು, ಎರಡು ಮಾತಿಲ್ಲ. ಸರಣಿಯಲ್ಲಿ ಅದು ಐದನೇದು. ಪಕ್ಕದಲ್ಲೇ ಆರನೇದು ನಮಿಸ್ವೋಫ್‌ಸ್ಕಿಯ ಸ್ವಂತ ಕ್ವಾರ್ಟೆಟ್ಟಿಂದು, ಅದನ್ನ ಮಾತ್ರ ಯಾರೂ ಹೊರಗೆ ತೆಗೆಯಲ್ಲ!

ಅಸಲಿ ವಿಷ್ಯ ಇರೋದೇ ಅಲ್ಲಿ, ಈ ಮನುಷ್ಯನಿಗೆ ತಾಳದ ಹುಚ್ಚು. ಐದರ ಲೆಕ್ಕದಲ್ಲಿ 'ಪಿಯೊಂತಾಫ್ಕಾ', ಏಳರಲ್ಲಿ 'ಶುದ್ಮಾಫ್ಕಾ', ಹೆಸರಲ್ಲೇ ಎಣಿಕೆ ಹೇಳಿಟ್ಟಿದ್ದಾನೆ ಪುಣ್ಯಾತ್ಮ. ಐದು ಅಂದ ತಕ್ಷಣ ಜಾಝ್ ಕೇಳೋರು 'ಟೇಕ್ ಫೈವ್' ಖ್ಯಾತಿಯ ಅಮೆರಿಕಾದ ಪಿಯಾನಿಸ್ಟ್ ಬ್ರೂಬೆಕ್ ಹೆಸರು ತೆಗೀತಾರೆ, ತೆಗೀಲಿ ಬಿಡಿ, ಆದ್ರೆ ಖಂಡಛಾಪು ಮಿಶ್ರಛಾಪು ಕೈಯಲ್ಲಿ ಹಾಕಿ ರೂಢಿ ಇರೋ ನಮ್ಮೋರು ಒಂದ್ಸಲ ತೊಡೆ ಮೇಲೆ ತಟ್ಕೊಂಡು ಕೂತ್ರೆ ಅವನು ಎಲ್ಲಿ ಬೇಕಂತಲೇ ಎಡವಿಸ್ತಾನೆ ಅಂತ ಗೊತ್ತಾಗಿ ನಗು ಬರುತ್ತೆ. ಜೊತೆಗೆ ಪೋಲೆಂಡಿನ ದಕ್ಷಿಣದ ತಾತ್ರಾ ಬೆಟ್ಟದ ಸೀಮೆಯ ಹಾಡುಗಳ ಮೇಲೆ ಇನ್ನೊಂದು ಮೋಹ. ಆ ಹಳ್ಳಿಗರ ಸ್ವರಗಳಲ್ಲಿ ಮಧ್ಯಮ ಮೇಲಕ್ಕೇರಿರುತ್ತೆ, ನಮ್ಮ ಪ್ರತಿಮಧ್ಯಮಾನೇ, ಕಲ್ಯಾಣಿ ಕೇಳಿ ಬೆಳೆದ ಕಿವಿಗೆ ಥಟ್ಟಂತ ಸಿಗುತ್ತೆ. ತೊಂಬತ್ತರ ದಶಕದಲ್ಲಂತೂ ಆ ಸೀಮೆಯ ಊರು ಜಕೊಪಾನೆಯ ಪಿಟೀಲು ತಂಡಾನೇ ಕರ್ಕೊಂಡು ಬಂದು ತನ್ನ ಕ್ವಾರ್ಟೆಟ್ ಜೊತೆ ಕೂರಿಸಿದ. ಕದ್ರಿ ಗೋಪಾಲನಾಥರು ಇದೇ ಆಲ್ಟೊ ಸ್ಯಾಕ್ಸಿಂದ ಏನು ಮಾಡಿದ್ರು ಅಂತ ನೋಡಿರೋ ನಮಗೆ ಇದು ಅಷ್ಟು ದೂರದ ಮಾತೂ ಅಲ್ಲ.

ನನ್ನ ಕೇಳಿದ್ರೆ 1973ರ 'ವಿನೊಬ್ರಾನ್ಯೆ'ನೇ ಅವನ ತುತ್ತತುದಿ. ದ್ರಾಕ್ಷಿ ಕೊಯ್ಲು ಅಂತ ಹೆಸರು. ಆಲ್ಟೊ, ಟ್ರಾಂಬೋನು, ಶುಕಾಲ್ಸ್ಕಿಯ ಟೆನರ್ ಸ್ಯಾಕ್ಸು. ಪಿಯಾನಿಸ್ಟ್ ಅಂತ ಬೇರೆ ಯಾರೂ ಇಲ್ಲ, ಬೇಕಾದ ಕಡೆ ಇವನೇ ಪಿಯಾನೋ ಮುಂದೆ ಕೂರ್ತಾನೆ, ಸ್ಕೂಲಲ್ಲಿ ಕಲ್ತಿದ್ದ ಚೆಲ್ಲೋನೂ ಎತ್ಕೊತಾನೆ. ಎರಡು ವರ್ಷ ಬಿಟ್ಟು 'ಕುಯಾವಿಯಾಕ್ ಗೋಸ್ ಫಂಕಿ', ಹಳ್ಳಿ ಕುಣಿತಕ್ಕೆ ಫಂಕ್ ತೊಡಿಸಿದ್ದು. ಕೆಲವರಿಗೆ ಅದು ಹಗುರ ಅನ್ಸುತ್ತೆ, ನನಗೆ ಅನ್ಸಲ್ಲ.

ಜೊತೆಯವನು, ಪಿಟೀಲು ನುಡಿಸೋ ಉರ್ಬಾನಿಯಾಕ್, 1973ರಲ್ಲೇ ಅಮೆರಿಕಾಗೆ ಹೋದ, ಇವನು ಊರು ಬಿಡಲಿಲ್ಲ. ಅಂತಾರಾಷ್ಟ್ರೀಯ ಹೆಸರು ಅಷ್ಟಕ್ಕಷ್ಟೇ ಆಗಿದ್ದಕ್ಕೆ ಅದೂ ಒಂದು ಕಾರಣ ಇರ್ಬೋದು. ನಿಂತುಹೋಗಿದ್ದ ಆ ಹಳೇ ಸರಣಿ 2016ರಲ್ಲಿ ಮತ್ತೆ ಶುರುವಾದಾಗ 77ನೇ ಸಂಖ್ಯೆ ಇವನದ್ದೇ, 'ಪೋಲಿಶ್ ಜಾಝ್ – ಯೆಸ್!' ಅಂತ. ಆಗ ವಯಸ್ಸು ಎಪ್ಪತ್ತಾರೋ ಎಪ್ಪತ್ತೇಳೋ. ತೀರ್ಕೊಂಡಿದ್ದು 2022ರ ಫೆಬ್ರವರಿ 7ಕ್ಕೆ.

ಹೊಸದಾಗಿ ಕೇಳೋರು ದಯವಿಟ್ಟು ಅಸ್ಟಿಗ್ಮ್ಯಾಟಿಕ್ಕಿಂದ ಶುರು ಮಾಡ್ಬೇಡಿ, ಹೆದರ್ಕೊಂಡು ಓಡಿಹೋಗ್ತೀರ. ವಿನೊಬ್ರಾನ್ಯೆ ಹಾಕಿ, ಆಮೇಲೆ ಆರನೇದು. ತಾಳ ಎಲ್ಲಿ ತಪ್ತು ಅಂತ ಕಾಮೆಂಟಲ್ಲಿ ಜಗಳ ಆಡೋಣ.